ಮೇಜಿನ ಮೇಲಿಟ್ಟ ಕತೆ

ಬರೆಯುವುದನ್ನು ಕಲಿಸಲು ಬರುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಓದುವುದನ್ನು ಕಲಿಸಬಹುದು. ಅದರಲ್ಲೂ ಇನ್ನೊಬ್ಬರ ಅರೆಬರೆ ಕತೆಯನ್ನು, ಎರಡನೆಯ ಕರಡನ್ನು ಓದುವುದನ್ನು ಕಲಿಸಬಹುದು. ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ತರಗತಿಗೆ ಬೆಲೆ ಇದ್ದರೆ ಈ ಕಾರಣಕ್ಕೆ.

*

ಪ್ರೌಢಪ್ರಬಂಧದ ಬದಲು ಕತೆ, ಕವನ, ನಾಟಕವನ್ನೂ ಉನ್ನತ ಪದವಿಗೆ ಒಪ್ಪಿಸಬಹುದು ಎಂದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 1922ರಲ್ಲಿ ತೀರ್ಮಾನಿಸಿತು. ಅದನ್ನು ಪ್ರಕಟಿಸಿದ ಡೀನ್ ಕಾರ್ಲ್ ಸೀಶೋರ್ ಸಾಹಿತ್ಯದ ಮೇಷ್ಟರಲ್ಲ, ಮನೋವಿಜ್ಞಾನಿ. ಸಂಗೀತದ ಕಿವಿಯನ್ನು ಅಳೆಯುವ ಪರೀಕ್ಷೆಗಳನ್ನು ರೂಪಿಸಿ ಹೆಸರಾದವರು. ಸಾಹಿತ್ಯ ವಿಭಾಗಗಳು ಎಲ್ಲ ಕಡೆಯೂ ಕಾಲವಾದ ಕವಿಗಳಿಗೆ ಸಲ್ಲಿಸುವ ಗೌರವವನ್ನು ಎದುರಿಗೆ ಕುಳಿತ ಹುಡುಗ ಹುಡುಗಿಯರ ಕವನಕ್ಕೆ ಸಲ್ಲಿಸಲು ಹಿಂಜರಿಯುತ್ತವೆ. ಆ ಹಿಂಜರಿಕೆಯನ್ನು ಬೇರೆ ಶಿಸ್ತಿನಿಂದ ಬಂದವರೊಬ್ಬರು ಮುರಿದರು.

*

ಮಾರ್ಗರೆಟ್ ವಾಕರ್ ಅಮೆರಿಕದ ದಕ್ಷಿಣದಿಂದ ಬಂದ ಕಪ್ಪು ಕವಯಿತ್ರಿ. 1940ರಲ್ಲಿ ಅಯೋವಾದಲ್ಲಿ ಅವರು ಎಂ.ಎ. ಪದವಿಗೆ ಒಪ್ಪಿಸಿದ ಕವನಗಳು ಎರಡು ವರ್ಷದ ನಂತರ ‘ಫಾರ್ ಮೈ ಪೀಪಲ್’ ಸಂಕಲನವಾಗಿ ಬಂದವು. ಎಷ್ಟೋ ವರ್ಷಗಳ ಮೇಲೆ, ಮಕ್ಕಳ ತಾಯಿಯಾಗಿ, ಮೇಷ್ಟರ ಕೆಲಸದಲ್ಲಿ ದಣಿದು, ಅವರು ಮತ್ತೆ ಅದೇ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿನಿಯಾಗಿ ಮರಳಿದರು. ಗುಲಾಮಗಿರಿಯಲ್ಲಿ ಹುಟ್ಟಿದ ತಮ್ಮ ಮುತ್ತಜ್ಜಿಯ ಬದುಕನ್ನು ಅಜ್ಜಿಯ ಬಾಯಿಂದ ಕೇಳಿದ್ದರು. ಅದನ್ನೇ ಕಾದಂಬರಿಯಾಗಿ ಬರೆದು ಪಿಎಚ್‌.ಡಿ.ಗೆ ಒಪ್ಪಿಸಿದರು. ‘ಜುಬಿಲಿ’ ಎಂಬ ಆ ಕಾದಂಬರಿ 1966ರಲ್ಲಿ ಪ್ರಕಟವಾಯಿತು. ಅಜ್ಜಿ ಮಲಗುವ ಮುಂಚೆ ಹೇಳಿದ ಕತೆ ಡಾಕ್ಟರೇಟಿಗೆ ಅರ್ಹವಾದ ಜ್ಞಾನ ಎಂದು ಒಂದು ವಿಶ್ವವಿದ್ಯಾಲಯ ಮುದ್ರೆ ಒತ್ತಿದ್ದು ಸಣ್ಣ ಸಂಗತಿಯಲ್ಲ. ಪದವಿಯಿಂದ ವಾಕರ್ ಲೇಖಕಿಯಾಗಲಿಲ್ಲ ನಿಜ. ಆದರೆ ಬಿಡುವೇ ಇಲ್ಲದ ಹೆಂಗಸೊಬ್ಬಳಿಗೆ ಕಾದಂಬರಿ ಮುಗಿಸಲು ಮನೆಯವರೂ ನೌಕರಿ ಕೊಟ್ಟವರೂ ಒಪ್ಪುವ ಒಂದು ಕಾರಣವನ್ನು ಆ ಪದವಿ ಒದಗಿಸಿತು.

*

1936ರಲ್ಲಿ ವಿಲ್ಬರ್ ಶ್ರಾಮ್ ಅವರ ನಿರ್ದೇಶನದಲ್ಲಿ ಅಯೋವಾ ಬರಹಗಾರರ ಕಮ್ಮಟ ಶುರುವಾಯಿತು. 1941ರಿಂದ ಇಪ್ಪತ್ತನಾಲ್ಕು ವರ್ಷ ಅದನ್ನು ಬೆಳೆಸಿದವರು ಪಾಲ್ ಎಂಗಲ್. ನ್ಯೂಯಾರ್ಕಿನಿಂದಲೂ ಬಾಸ್ಟನ್ನಿನಿಂದಲೂ ದೂರದ, ಸುತ್ತ ಮುಸುಕಿನ ಜೋಳದ ಹೊಲಗಳಿರುವ ಊರು ಅದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮರಳಿ ಬಂದ ಸೈನಿಕರಿಗೆ ಸರ್ಕಾರ ಓದಿನ ಖರ್ಚು ಕೊಟ್ಟಿತು. ತರಗತಿಗಳು ನದಿ ದಂಡೆಯ ಹಳೆಯ ಸೈನಿಕ ಷೆಡ್ಡುಗಳಲ್ಲಿ ನಡೆದವು. ಒಳ್ಳೆಯ ಕಟ್ಟಡ ಬರುವುದಕ್ಕೆ ಮೊದಲೇ ಒಳ್ಳೆಯ ಕತೆಗಳು ಬಂದಿದ್ದವು.

*

ತರಗತಿ ನಡೆಯುವ ಬಗೆ ಇದು. ಒಂದು ಉದ್ದನೆಯ ಮೇಜು, ಸುತ್ತ ಹತ್ತು ಹನ್ನೆರಡು ಜನ, ಒಬ್ಬ ಹಿರಿಯ ಲೇಖಕ. ಈ ವಾರ ಯಾರ ಸರದಿಯೋ ಅವರ ಕತೆಯ ಪ್ರತಿಗಳು ಮೊದಲೇ ಎಲ್ಲರ ಕೈ ಸೇರಿರುತ್ತವೆ. ಓದಿದವರು ಅಂಚಿನಲ್ಲಿ ಪೆನ್ಸಿಲಿನ ಗೆರೆ ಎಳೆದಿರುತ್ತಾರೆ. ಒಂದು ಸಾಲಿನ ಕೆಳಗೆ ಎರಡು ಗೆರೆ, ಇನ್ನೊಂದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೊನೆಯ ಹಾಳೆಯ ಹಿಂದೆ ಬರೆದವರಿಗೆ ಒಂದು ಪತ್ರ. ಚರ್ಚೆ ಶುರುವಾದ ಮೇಲೆ ಬರೆದವರು ಬಾಯಿ ತೆರೆಯುವಂತಿಲ್ಲ. ಎಲ್ಲರೂ ಅವರೆದುರೇ ಅವರ ಕತೆಯನ್ನು ಅವರು ಅಲ್ಲಿ ಇಲ್ಲವೆಂಬಂತೆ ಮಾತಾಡುತ್ತಾರೆ. ತಾಸು ಕಳೆದ ಮೇಲೆ, ಕೊನೆಗೆ, ಬರೆದವರು ಒಂದೆರಡು ಪ್ರಶ್ನೆ ಕೇಳಬಹುದು. ಆಮೇಲೆ ಅಷ್ಟೂ ಪ್ರತಿಗಳನ್ನು ಒಟ್ಟುಮಾಡಿ ಅವರ ಮುಂದೆ ಇಡುತ್ತಾರೆ. ಆ ಕಟ್ಟನ್ನು ಮನೆಗೆ ಒಯ್ದು ಬಿಚ್ಚುವ ರಾತ್ರಿಯೇ ನಿಜವಾದ ಪಾಠ. ಒಂದೇ ವಾಕ್ಯವನ್ನು ಇಬ್ಬರು ಮೆಚ್ಚಿ, ಮೂವರು ಹೊಡೆದುಹಾಕಿ, ಉಳಿದವರು ಗಮನಿಸದೇ ಹೋಗಿರುವುದು ಆಗ ಕಾಣುತ್ತದೆ.

*

ಬರೆದವರ ಬಾಯಿಗೆ ಬರುವ ಮೊದಲ ಮಾತು ‘ನಾನು ಹೇಳಲು ಹೊರಟದ್ದು ಹಾಗಲ್ಲ’. ಪುಸ್ತಕ ಯಾವುದೋ ಊರಿನ ಗ್ರಂಥಾಲಯದಲ್ಲಿ ಯಾರದೋ ಕೈಗೆ ಸಿಕ್ಕಾಗ ಈ ಮಾತು ಹೇಳಲು ಲೇಖಕರು ಅಲ್ಲಿರುವುದಿಲ್ಲ. ಆ ತಾಸಿನ ಮೌನ ಈ ಸತ್ಯಕ್ಕೆ ಕೊಡುವ ತಾಲೀಮು.

*

ಆದರೆ ಅದೇ ಮೌನ ಎಲ್ಲರಿಗೂ ಒಂದೇ ಅಲ್ಲ. ಮೇಜಿನ ಸುತ್ತ ಕುಳಿತವರು ಕಂಡ ಲೋಕವನ್ನೇ ಬರೆದವರಿಗೆ ಅದು ಶಿಸ್ತು. ಅವರು ಕಾಣದ ಲೋಕದಿಂದ ಬಂದವರಿಗೆ ಅದು ಶಿಕ್ಷೆ. ಕತೆಯಲ್ಲಿ ಅತ್ತಿಗೆ ಮೈದುನನ ಎದುರು ಏಕೆ ಕುಳಿತುಕೊಳ್ಳಲಿಲ್ಲ ಎಂಬುದನ್ನು ಹತ್ತು ಜನ ಅರ್ಧ ತಾಸು ತಪ್ಪು ತಪ್ಪಾಗಿ ಊಹಿಸುತ್ತಿದ್ದರೆ, ಸುಮ್ಮನೆ ಕುಳಿತವಳು ಕಲಿಯುವುದು ಬರವಣಿಗೆಯನ್ನಲ್ಲ, ತನ್ನ ಮನೆಯನ್ನು ಅಪರಿಚಿತರಿಗೆ ವಿವರಿಸುವ ಅಭ್ಯಾಸವನ್ನು. ಡೊಮಿನಿಕನ್ ಮೂಲದ ಲೇಖಕ ಜೂನೋ ಡಿಯಾಸ್ 2014ರಲ್ಲಿ, ಕೊರಿಯನ್ ಮೂಲದ ಮ್ಯಾಥ್ಯೂ ಸ್ಯಾಲಿಸಿಸ್ 2021ರ ತಮ್ಮ ಪುಸ್ತಕದಲ್ಲಿ ಈ ನೋವನ್ನು ಖಾರವಾಗಿಯೇ ಬರೆದರು. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಷ್ಟು ಹಿಂದೆಯೇ ಬೇರೊಂದು ಕ್ರಮವನ್ನು ತಂದಿದ್ದರು: ಮೊದಲು ನೋಡಿದವರು ತಮಗೆ ತಟ್ಟಿದ್ದನ್ನು ಹೇಳಬೇಕು, ಆಮೇಲೆ ಕಲಾವಿದರು ತಮ್ಮ ಪ್ರಶ್ನೆ ಕೇಳಬೇಕು, ಅಭಿಪ್ರಾಯ ಹೇಳುವುದಿದ್ದರೆ ಕಲಾವಿದರ ಒಪ್ಪಿಗೆ ಪಡೆಯಬೇಕು. ಈಗ ಹಲವು ಬರವಣಿಗೆಯ ತರಗತಿಗಳು ಇದನ್ನು ಬಳಸುತ್ತಿವೆ. ನನಗೂ ಇದೇ ನ್ಯಾಯವೆಂದು ತೋರುತ್ತದೆ.

*

ಸಾಂಡ್ರಾ ಸಿಸ್ನೆರೋಸ್ ಅವರ ಅನುಭವವನ್ನು ಬರವಣಿಗೆ ಕಲಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಶಿಕಾಗೋದ ಬಡ ಮೆಕ್ಸಿಕನ್ ಕುಟುಂಬದ ಹುಡುಗಿ, ಆರು ಮಂದಿ ಅಣ್ಣತಮ್ಮಂದಿರ ನಡುವೆ ಒಬ್ಬಳೇ ಮಗಳು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದ ಬಾಲ್ಯ. 1970ರ ದಶಕದ ಕೊನೆಯಲ್ಲಿ ಅಯೋವಾ ಕಮ್ಮಟ ಸೇರಿದರು. ಒಂದು ದಿನ ತರಗತಿಯಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಗಾಸ್ತೋ ಬಾಷ್ಲಾರ್ ಮನೆಯ ಬಗ್ಗೆ ಬರೆದ ಪುಸ್ತಕದ ಚರ್ಚೆ. ಸಹಪಾಠಿಗಳು ಅಟ್ಟ, ನೆಲಮಾಳಿಗೆ, ಮೆಟ್ಟಿಲುಗಳ ಬಗ್ಗೆ, ಕಲ್ಪನೆಗೆ ಆಸರೆಯಾದ ಬಾಲ್ಯದ ಮನೆಯ ಬಗ್ಗೆ ಸಲೀಸಾಗಿ ಮಾತಾಡುತ್ತಿದ್ದಾರೆ. ತನಗೆ ಅಂಥ ಮನೆಯೇ ಇರಲಿಲ್ಲ ಎಂಬುದು ಆ ಹೊತ್ತಿನಲ್ಲಿ ಅವರಿಗೆ ಹೊಳೆಯಿತು. ಮೊದಲು ನಾಚಿಕೆ, ಆಮೇಲೆ ಸಿಟ್ಟು. ಆ ಸಿಟ್ಟಿನಲ್ಲಿ ಅವರು ಕೇಳಿಕೊಂಡ ಪ್ರಶ್ನೆ: ಈ ಕೋಣೆಯಲ್ಲಿ ಬೇರೆ ಯಾರೂ ಬರೆಯಲಾರದ್ದು, ನಾನು ಮಾತ್ರ ಬರೆಯಬಲ್ಲದ್ದು ಏನು? ಅಲ್ಲಿಂದ ಹುಟ್ಟಿದ್ದು 1984ರಲ್ಲಿ ಬಂದ ‘ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’. ಇಂದು ಅದು ಅಮೆರಿಕದ ಶಾಲೆಗಳಲ್ಲಿ ಪಠ್ಯ.

ಈ ಪುಸ್ತಕದ ಕೀರ್ತಿಯನ್ನು ಕಮ್ಮಟಕ್ಕೆ ಕೊಡಬೇಕೋ, ಕಮ್ಮಟವನ್ನು ಎದುರು ಹಾಕಿಕೊಂಡ ಹುಡುಗಿಗೆ ಕೊಡಬೇಕೋ? ನಾನು ಹುಡುಗಿಗೇ ಕೊಡುತ್ತೇನೆ. ಅವರನ್ನು ಒಳಗೆ ಕರೆದುಕೊಂಡ ಸಂಸ್ಥೆ ಅವರಿಗಾಗಿ ಏನನ್ನೂ ಸಿದ್ಧಪಡಿಸಿ ಇಟ್ಟಿರಲಿಲ್ಲ. ಅದೇ ತರಗತಿಗಳಲ್ಲಿದ್ದ ಇನ್ನೊಬ್ಬಳು ಹುಡುಗಿ, ಮಸ್ಕೋಗಿ ಬುಡಕಟ್ಟಿನ ಜಾಯ್ ಹಾರ್ಜೋ, ಸಿಸ್ನೆರೋಸ್‌ಗೆ ಗೆಳತಿಯಾಗಿ ಸಿಕ್ಕರು. ಹೊರಗಿನವರಾಗಿ ಬಂದ ಇಬ್ಬರು ಪರಸ್ಪರ ಆಸರೆಯಾದರು. ಹಾರ್ಜೋ 2019ರಲ್ಲಿ ಅಮೆರಿಕದ ರಾಷ್ಟ್ರಕವಿಯಾದರು.

*

ತರಗತಿಯಲ್ಲಿ ಒಬ್ಬ ಸರಿಯಾದ ಓದುಗ ಸಿಕ್ಕರೂ ಸಾಕು. ಉಳಿದವರ ಮಾತನ್ನು ಮರ್ಯಾದೆಯಿಂದ ಕೇಳಿ ಮರೆಯಬಹುದು.

*

ಕತೆಗಾರ್ತಿ ಫ್ಲಾನರಿ ಓ’ಕಾನರ್ 1945ರಲ್ಲಿ ಜಾರ್ಜಿಯಾದಿಂದ ಅಯೋವಾಕ್ಕೆ ಬಂದದ್ದು ಪತ್ರಿಕೋದ್ಯಮ ಓದಲು. ಕಮ್ಮಟ ಸೇರಬೇಕೆಂದು ಪಾಲ್ ಎಂಗಲ್ ಅವರ ಕೋಣೆಗೆ ಹೋದಾಗ ಆಕೆಯ ದಕ್ಷಿಣದ ಉಚ್ಚಾರ ಎಂಗಲ್‌ಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಕೊನೆಗೆ ಕಾಗದ ಕೊಟ್ಟು ಬರೆದು ತೋರಿಸಲು ಹೇಳಿದರು. ಆಮೇಲೆ ಕತೆಗಳನ್ನು ಓದಿ, ತಡಮಾಡದೆ ಸೇರಿಸಿಕೊಂಡರು. ಮಾತು ಅರ್ಥವಾಗದಿದ್ದರೂ ಬರಹವನ್ನು ಗುರುತಿಸಿದ ಆ ಗಳಿಗೆಯ ಬಗ್ಗೆ ನನಗೆ ತುಂಬ ಗೌರವ. ಪ್ರವೇಶ ಸಂದರ್ಶನದಲ್ಲಿ ಚೆನ್ನಾಗಿ ಮಾತಾಡುವವರನ್ನು ಆರಿಸುವ ಎಲ್ಲ ಕಡೆಯೂ ಓ’ಕಾನರ್‌ಗಳು ಬಾಗಿಲಲ್ಲೇ ಉಳಿದುಬಿಡುತ್ತಾರೆ.

*

ಕಾದಂಬರಿಕಾರ ಕರ್ಟ್ ವಾನೆಗಟ್ 1965ರಿಂದ ಎರಡು ವರ್ಷ ಅಯೋವಾದಲ್ಲಿ ಪಾಠ ಮಾಡಿದರು. ಅವರು ವಿದ್ಯಾರ್ಥಿಗಳಿಗೆ ಕೊಟ್ಟ ಒಂದು ಮನೆಗೆಲಸ ನನಗೆ ಪೂರ್ತಿ ಪಠ್ಯಕ್ರಮದಷ್ಟು ದೊಡ್ಡದಾಗಿ ಕಾಣುತ್ತದೆ. ಸಂಕಲನವೊಂದರ ಕತೆಗಳನ್ನು ಸಂತೋಷಕ್ಕಾಗಿ ಓದಿ. ಪ್ರತಿಯೊಂದಕ್ಕೂ ನಾಚದೆ ಅಂಕ ಕೊಡಿ. ಆಮೇಲೆ ನೀವೊಂದು ಒಳ್ಳೆಯ ಪತ್ರಿಕೆಯ ಕಚೇರಿಯಲ್ಲಿದ್ದೀರಿ ಎಂದುಕೊಂಡು, ಅತಿ ಇಷ್ಟವಾದ ಮೂರು, ಅತಿ ಇಷ್ಟವಾಗದ ಮೂರು ಕತೆಗಳ ಬಗ್ಗೆ ನಿಮ್ಮ ಜಾಣ ಮೇಲಧಿಕಾರಿಗೆ ವರದಿ ಬರೆಯಿರಿ. ವಿಮರ್ಶಕರ ಹಾಗೆ ಬೇಡ, ಪಂಡಿತರ ಹಾಗೆ ಬೇಡ ಎಂಬ ಎಚ್ಚರಿಕೆಯನ್ನೂ ಸೇರಿಸಿದ್ದರು.

ಇದರಲ್ಲಿ ಸ್ವಂತ ಕತೆ ಬರೆಯಿರಿ ಎಂಬ ಮಾತೇ ಇಲ್ಲ. ತನಗೆ ಏನು ಇಷ್ಟ, ಏಕೆ ಇಷ್ಟ ಎಂಬುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲು ಕಲಿತವರು ತಮ್ಮ ಕರಡಿನ ಮುಂದೆ ಕುಳಿತಾಗ ಅದೇ ಕಣ್ಣಿನಿಂದ ನೋಡುತ್ತಾರೆ.

*

‘ಚೆನ್ನಾಗಿದೆ’ ಎನ್ನುವುದು ಸೌಜನ್ಯ. ‘ಮೂರನೆಯ ಪುಟದಲ್ಲಿ ಅಜ್ಜಿ ಬಾಗಿಲು ಹಾಕಿಕೊಂಡಳಲ್ಲ, ಅಲ್ಲಿಂದ ಮುಂದೆ ನನಗೆ ಅವಳ ದನಿ ಕೇಳಿಸಲಿಲ್ಲ’ ಎನ್ನುವುದು ಓದು. ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಬರೆಯುವ ಕೆಲಸ ನನ್ನ ಪಾಲಿಗೂ ಆಗಾಗ ಬರುತ್ತದೆ. ಎರಡನೆಯ ಬಗೆಯ ಒಂದು ವಾಕ್ಯ ಬರೆಯಲು ಕತೆಯನ್ನು ಮತ್ತೆ ಮತ್ತೆ ಓದಬೇಕು. ಕಿರಿಯರು ನಮ್ಮಿಂದ ಬಯಸುವುದು ಆ ಒಂದು ವಾಕ್ಯವನ್ನು.

*

1959ರಲ್ಲಿ ಕ್ಯಾಲಿಫೋರ್ನಿಯಾದ ಚೀಕೋ ಎಂಬ ಊರಿನ ಕಾಲೇಜಿನಲ್ಲಿ ರೇಮಂಡ್ ಕಾರ್ವರ್ ಎಂಬ ಹುಡುಗ ಓದುತ್ತಿದ್ದ. ಚಿಕ್ಕ ವಯಸ್ಸಿಗೇ ಮದುವೆ, ಎರಡು ಮಕ್ಕಳು, ಇಕ್ಕಟ್ಟಿನ ಮನೆ. ಬರೆಯಲು ಜಾಗವಿಲ್ಲ. ಅವನ ಮೇಷ್ಟರು ಜಾನ್ ಗಾರ್ಡ್ನರ್‌ಗೆ ಅದು ತಿಳಿದು ತಮ್ಮ ಕೋಣೆಯ ಬೀಗದ ಕೈ ಕೊಟ್ಟರು. ವಾರಾಂತ್ಯದಲ್ಲಿ ಕಾರ್ವರ್ ಆ ಕೋಣೆಯಲ್ಲಿ ಕುಳಿತು ಬರೆದ. ಮೇಷ್ಟರ ಮೇಜಿನ ಪಕ್ಕದಲ್ಲಿ ಪೆಟ್ಟಿಗೆಗಳಲ್ಲಿ ಇನ್ನೂ ಅಚ್ಚಾಗದ ಅವರದೇ ಹಸ್ತಪ್ರತಿಗಳಿದ್ದವು. ಗಾರ್ಡ್ನರ್ ಶಿಷ್ಯನ ಕತೆಗಳನ್ನು ತಿದ್ದುತ್ತಿದ್ದ ರೀತಿಯನ್ನು ಕಾರ್ವರ್ ಮುಂದೆ ಕೃತಜ್ಞತೆಯಿಂದ ಬರೆದಿದ್ದಾರೆ: ಕೆಲವು ಪದಗಳನ್ನು ಹೊಡೆದುಹಾಕುತ್ತಿದ್ದರು, ಅಲ್ಲಿ ರಾಜಿಯಿಲ್ಲ, ಕೆಲವನ್ನು ಕಂಸದಲ್ಲಿಡುತ್ತಿದ್ದರು, ಅವುಗಳ ಬಗ್ಗೆ ವಾದಿಸಬಹುದಿತ್ತು, ಒಂದು ಪದ ಸರಿಯಾಗಿ ಬಿದ್ದಿದ್ದರೆ ಅದರ ಪಕ್ಕ ಮೆಚ್ಚುಗೆಯ ಮಾತು. ಒಂದು ಅಲ್ಪವಿರಾಮದ ಬಗ್ಗೆಯೂ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ವಿಷಯವಿಲ್ಲವೆಂಬಂತೆ ಮಾತಾಡುತ್ತಿದ್ದರಂತೆ.

ಬೀಗದ ಕೈ ಮತ್ತು ಅಲ್ಪವಿರಾಮ. ಬರವಣಿಗೆಯ ಮೇಷ್ಟರು ಕೊಡಬಹುದಾದ್ದು ಈ ಎರಡರ ಒಳಗೇ ಇದೆ.

*

ಇದೇ ಕಾರ್ವರ್ 1963ರಲ್ಲಿ ಅಯೋವಾ ಕಮ್ಮಟ ಸೇರಿ, ದುಡ್ಡಿನ ತಾಪತ್ರಯದಿಂದ ಪದವಿ ಮುಗಿಸದೆ ಬಿಟ್ಟುಹೋದರು. ಪ್ರತಿಭೆಯನ್ನು ಸೇರಿಸಿಕೊಂಡು ಹೊಟ್ಟೆಯ ವಿಚಾರ ಬಿಡುವ ಸಂಸ್ಥೆ ಅರ್ಧ ಕೆಲಸ ಮಾಡಿದಂತೆ. ಸ್ನಾತಕೋತ್ತರ ತರಗತಿಯ ಅತಿ ದೊಡ್ಡ ಕೊಡುಗೆ ಎರಡು ವರ್ಷಗಳ ಸಮಯ, ಮತ್ತು ಆ ಸಮಯಕ್ಕೆ ಹಣ ಬೇಕು. ಒಳ್ಳೆಯ ಕಮ್ಮಟಗಳು ಈಗ ಶುಲ್ಕ ಮನ್ನಾ ಮಾಡಿ, ಕೆಳಗಿನ ತರಗತಿಗೆ ಪಾಠ ಹೇಳುವ ಕೆಲಸವನ್ನೋ ವಿದ್ಯಾರ್ಥಿವೇತನವನ್ನೋ ಕೊಡುತ್ತವೆ. ಇದನ್ನು ಕೊಡದೆ, ಸಾಲ ಮಾಡಿ ಬನ್ನಿ ಎನ್ನುವ ತರಗತಿಗಳೂ ಅಮೆರಿಕದಲ್ಲಿ ಬೇಕಾದಷ್ಟಿವೆ. ನನ್ನನ್ನು ಕೇಳುವ ಹುಡುಗರಿಗೆ ನೇರವಾಗಿ ಹೇಳುತ್ತೇನೆ: ಕವಿಯಾಗಲು ಸಾಲ ಮಾಡಬೇಡಿ. ಕವನದಿಂದ ಆ ಸಾಲ ತೀರುವುದಿಲ್ಲ. ಸಾಲ ತೀರಿಸಲು ಹಿಡಿದ ನೌಕರಿ ಕವನವನ್ನು ಬದಿಗೆ ಸರಿಸುತ್ತದೆ.

*

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಬೇಕು. ಪಾಲ್ ಎಂಗಲ್ ಹಣ ಎತ್ತುವುದರಲ್ಲಿ ನಿಪುಣರು. ಅಯೋವಾದ ವ್ಯಾಪಾರಿಗಳಿಂದ, ಕಂಪನಿಗಳಿಂದ ಕೇಳಿ ತಂದು ಬಡ ಲೇಖಕರಿಗೆ ಹಂಚಿದರು. 1967ರಲ್ಲಿ ಫಾರ್ಫೀಲ್ಡ್ ಪ್ರತಿಷ್ಠಾನದ ಹಣವೂ ಬಂತು. ಅದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಹಣ ದಾಟಿಸುತ್ತಿದ್ದ ಕಾಲುವೆ. ಲೇಖಕ ಎರಿಕ್ ಬೆನೆಟ್ 2015ರ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಬಿಡಿಸಿಟ್ಟು ಒಂದು ದೊಡ್ಡ ಪ್ರಶ್ನೆ ಎತ್ತಿದರು: ವಿಚಾರ ಬೇಡ, ವಿವರ ಬೇಕು, ಸಮಾಜ ಬೇಡ, ಒಬ್ಬ ವ್ಯಕ್ತಿಯ ಕಣ್ಣು ಕಿವಿ ಸಾಕು ಎಂಬ ರುಚಿ ಬರೀ ಕಲೆಯ ರುಚಿಯೇ, ಅಥವಾ ಶೀತಲ ಸಮರದ ಕಾಲ ಬೆಳೆಸಿದ ರುಚಿಯೇ? ಬೆನೆಟ್ ಎಲ್ಲವನ್ನೂ ಆ ಒಂದೇ ಕಾರಣಕ್ಕೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಪ್ರಶ್ನೆ ನಿಜವಾದದ್ದು. ಯಾವ ತರಗತಿಗೂ ತನ್ನ ರುಚಿ ಎಲ್ಲಿಂದ ಬಂತೆಂದು ತಾನಾಗಿ ಕಾಣುವುದಿಲ್ಲ.

*

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದರ ಹಸ್ತಪ್ರತಿಯನ್ನು ಅಂಥ ತರಗತಿಯ ಮೇಜಿನ ಮೇಲೆ ಇಟ್ಟಿದ್ದರೆ ಏನು ಹೇಳುತ್ತಿದ್ದರು? ನಾಯಕ ಯಾರೆಂದು ತಿಳಿಯುವುದಿಲ್ಲ, ಪಾತ್ರಗಳು ಹೆಚ್ಚಾದವು, ನಾಯಿಗೆ ಇಷ್ಟು ಜಾಗ ಏಕೆ, ಕಾಡಿನ ವರ್ಣನೆ ಕತೆಯನ್ನು ತಡೆಯುತ್ತದೆ. ಪ್ರತಿಯೊಂದು ಮಾತೂ ಪ್ರಾಮಾಣಿಕ, ಪ್ರತಿಯೊಂದೂ ಆ ಕಾದಂಬರಿಗೆ ಸಲ್ಲದು. ಒಂದು ಕೃತಿ ತನ್ನ ಅಳತೆಗೋಲನ್ನು ತಾನೇ ತಂದಿರುತ್ತದೆ. ಅದನ್ನು ಕಂಡುಕೊಳ್ಳುವವರೆಗೆ ಓದುಗರು ತೀರ್ಪನ್ನು ತಡೆಹಿಡಿಯಬೇಕು. ಎರಡು ವರ್ಷದಲ್ಲಿ ಈ ತಾಳ್ಮೆಯೊಂದನ್ನು ಕಲಿಸಿದರೂ ತರಗತಿ ಸಾರ್ಥಕ.

*

ತಿದ್ದಿ ತಿದ್ದಿ ತಪ್ಪಿಲ್ಲದ ಕತೆ ಬರೆಯುವುದು ಸಾಧ್ಯ. ಬೇಕಾದ ಕತೆ ಬರೆಯುವುದು ಬೇರೆ ಕೆಲಸ.

*

1967ರಲ್ಲಿ ಎಂಗಲ್ ಮತ್ತು ಚೀನಾದಲ್ಲಿ ಹುಟ್ಟಿ ತೈವಾನಿನಿಂದ ಬಂದ ಕಾದಂಬರಿಕಾರ್ತಿ ನಿಯೆ ಹುವಾಲಿಂಗ್ ಅಂತರರಾಷ್ಟ್ರೀಯ ಬರಹಗಾರರಿಗೆಂದೇ ಬೇರೊಂದು ಕಾರ್ಯಕ್ರಮ ಶುರುಮಾಡಿದರು. ಅಲ್ಲಿ ಪದವಿಯಿಲ್ಲ, ಪರೀಕ್ಷೆಯಿಲ್ಲ. ಕೆಲವು ತಿಂಗಳು ಇದ್ದು ಬರೆಯುವುದು, ಓದುವುದು, ಬೇರೆ ದೇಶದ ಲೇಖಕರ ಜತೆ ಊಟ ಮಾಡುವುದು. ಓರ್ಹಾನ್ ಪಾಮುಕ್, ಮೊ ಯಾನ್, ಹಾನ್ ಕಾಂಗ್ ಅಲ್ಲಿ ಇದ್ದು ಹೋದವರು. ನಿರ್ಮಲ್ ವರ್ಮಾ, ದಿಲೀಪ್ ಚಿತ್ರೆ ಹೋಗಿದ್ದರು. 2016ರಲ್ಲಿ ನಮ್ಮ ವಿವೇಕ ಶಾನಭಾಗರೂ ಹೋಗಿದ್ದರು. ತನ್ನ ಭಾಷೆಯಲ್ಲಿ ಬರೆಯುವ ಲೇಖಕನಿಗೆ ಪದವಿಗಿಂತ ಇಂಥ ಬಿಡುವೇ ಹೆಚ್ಚು ಉಪಯೋಗ ಎಂದು ನನ್ನ ಅನಿಸಿಕೆ.

*

ಅದಕ್ಕೂ ಮೊದಲು, 1963ರಲ್ಲಿ, ಕಲ್ಕತ್ತೆಯ ಸುನೀಲ್ ಗಂಗೋಪಾಧ್ಯಾಯ ಎಂಗಲ್ ಆಹ್ವಾನದ ಮೇಲೆ ಅಯೋವಾಕ್ಕೆ ಹೋದರು. ಅಲ್ಲೇ ಉಳಿಯುವ ಅವಕಾಶವಿತ್ತು, ಪ್ರೀತಿಯೂ ಸಿಕ್ಕಿತ್ತು. ಬಂಗಾಳಿಯಲ್ಲಿ ಬರೆಯಬೇಕಾದರೆ ಬಂಗಾಳಿ ಕಿವಿಗೆ ಬೀಳುವ ಊರಿನಲ್ಲಿರಬೇಕೆಂದು ಮರಳಿದರು. ಬೀಜಿಂಗಿನ ಯಿಯುನ್ ಲೀ 1996ರಲ್ಲಿ ಅದೇ ಅಯೋವಾಕ್ಕೆ ರೋಗನಿರೋಧ ಶಾಸ್ತ್ರ ಓದಲು ಬಂದು, ವಿಜ್ಞಾನ ಬಿಟ್ಟು ಕಮ್ಮಟ ಸೇರಿ, ತಾಯಿನುಡಿಯಲ್ಲಿ ಬರೆಯಲೇ ಇಲ್ಲ, ಇಂಗ್ಲಿಷನ್ನು ಆರಿಸಿಕೊಂಡರು. ಇಬ್ಬರೂ ದೊಡ್ಡ ಲೇಖಕರಾದರು. ಭಾಷೆಯ ವಿಷಯದಲ್ಲಿ ಯಾವ ತರಗತಿಯೂ ನಿಯಮ ಹೇಳಬಾರದು ಎಂಬುದಕ್ಕೆ ಈ ಇಬ್ಬರು ಸಾಕು.

*

ಇಂಗ್ಲೆಂಡಿನಲ್ಲಿ ಮೊದಲ ಇಂಥ ಎಂ.ಎ. ತರಗತಿಯನ್ನು 1970ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಮಾಲ್ಕಂ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಸೇರಿ ಶುರುಮಾಡಿದರು. ಮೊದಲ ವಿದ್ಯಾರ್ಥಿ ಇಯಾನ್ ಮಕ್ಯೂಅನ್. ಹತ್ತು ವರ್ಷದ ಮೇಲೆ ಅಲ್ಲಿ ಕಲಿತ ಕಜುವೊ ಇಶಿಗುರೊ 2017ರಲ್ಲಿ ನೊಬೆಲ್ ಪಡೆದರು. ಈ ಬ್ರಾಡ್‌ಬರಿ ಕನ್ನಡಕ್ಕೂ ಬೇಕಾದವರು.

ಈಸ್ಟ್ ಆಂಗ್ಲಿಯಾಕ್ಕೆ ಹೋಗುವ ಮುಂಚೆ ಅವರು ಬರ್ಮಿಂಗ್‌ಹ್ಯಾಮಿನಲ್ಲಿ ಅಧ್ಯಾಪಕರು. ಆಗ ಅಲ್ಲಿ ಪಿಎಚ್‌.ಡಿ. ಮಾಡುತ್ತಿದ್ದವರು ಯು.ಆರ್. ಅನಂತಮೂರ್ತಿ. ಇಬ್ಬರೂ ಒಟ್ಟಿಗೆ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಸಿನಿಮಾ ನೋಡಿದರು. ಸ್ವೀಡಿಷ್ ಭಾಷೆಯ ಚಿತ್ರ, ಕೆಳಗೆ ಇಂಗ್ಲಿಷ್ ಸಾಲುಗಳಿಲ್ಲ. ಅರ್ಧಂಬರ್ಧ ಅರ್ಥವಾದ ಆ ಚಿತ್ರ ನೋಡಿ ಹೊರಬಂದ ಮೇಲೆ ನಡೆದ ಮಾತುಕತೆಯನ್ನು ಅನಂತಮೂರ್ತಿ ಹಲವು ಕಡೆ ನೆನೆದಿದ್ದಾರೆ. ಯುರೋಪಿನವರು ಮಧ್ಯಯುಗವನ್ನು ಓದಿನಿಂದ ಕಟ್ಟಿಕೊಳ್ಳಬೇಕು, ಭಾರತದವರಿಗೆ ಅದು ಈಗಲೂ ಬದುಕಿನೊಳಗೇ ಇದೆ ಎಂಬ ಅರ್ಥದ ಮಾತು ಅಲ್ಲಿ ಬಂತು. ಆಮೇಲೆ ಅನಂತಮೂರ್ತಿ ಬರೆದದ್ದು ‘ಸಂಸ್ಕಾರ’ ಕಾದಂಬರಿ. ಅದು 1965ರಲ್ಲಿ ಅಚ್ಚಾಯಿತು.

ಅದು ತರಗತಿಯಾಗಿರಲಿಲ್ಲ, ಪಠ್ಯಕ್ರಮವಿರಲಿಲ್ಲ. ಹೇಗೆ ಬರೆಯಬೇಕೆಂದೂ ಬ್ರಾಡ್‌ಬರಿ ಹೇಳಲಿಲ್ಲ, ಅದು ಕನ್ನಡದಲ್ಲಿ ಬರುವ ಪುಸ್ತಕ, ಅವರಿಗೆ ಓದಲೂ ಬರುತ್ತಿರಲಿಲ್ಲ. ಶಿಷ್ಯನ ಕೈಯಲ್ಲಿ ಆಗಲೇ ಏನಿದೆ ಎಂಬುದನ್ನು ತೋರಿಸಿದರು, ಅಷ್ಟೇ. ಅನಂತಮೂರ್ತಿಯವರ ಊರಾದ ಮೇಳಿಗೆಯ ಅಗ್ರಹಾರ ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ಮತ್ತೆ ಕಂಡಿತು. ಬರವಣಿಗೆಯ ಗುರು ಎಂಬವರು ಮಾಡಬಹುದಾದ ಅತಿ ದೊಡ್ಡ ಉಪಕಾರ ಇದಕ್ಕಿಂತ ಬೇರೆ ನನಗೆ ತೋಚುವುದಿಲ್ಲ.

*

ನಮ್ಮಲ್ಲಿ ಈ ಕೆಲಸವನ್ನು ವಿಶ್ವವಿದ್ಯಾಲಯಗಳ ಹೊರಗೆ ಮಾಡಿದವರೇ ಹೆಚ್ಚು. ಬೇಂದ್ರೆಯವರ ಗೆಳೆಯರ ಗುಂಪು, ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ, ಹೆಗ್ಗೋಡಿನ ನೀನಾಸಂ ಶಿಬಿರಗಳು. ಆ ಅಟ್ಟದಲ್ಲಿ ಜಿ.ಬಿ. ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಹಸ್ತಪ್ರತಿ ಓದುತ್ತಿದ್ದರು. ಕನ್ನಡ ನಾಟಕಕಾರರು ಚರಿತ್ರೆಯನ್ನು ಗಂಭೀರವಾಗಿ ಎದುರಿಸಿಲ್ಲ ಎಂಬ ಕುರ್ತಕೋಟಿಯವರ ಟೀಕೆಯೇ ತಮ್ಮನ್ನು ‘ತುಘಲಕ್’ ಕಡೆಗೆ ತಿರುಗಿಸಿತೆಂದು ಗಿರೀಶ ಕಾರ್ನಾಡರು ಹೇಳಿಕೊಂಡಿದ್ದಾರೆ. ಒಬ್ಬ ಒಳ್ಳೆಯ ಓದುಗನ ಒಂದು ದೂರಿನಿಂದ ಒಂದು ದೊಡ್ಡ ನಾಟಕ.

ಆದರೆ ಅಟ್ಟಕ್ಕೆ ಹತ್ತುವ ಮೆಟ್ಟಿಲು ಎಲ್ಲರಿಗೂ ಗೊತ್ತಿರುವುದಿಲ್ಲ. ಪರಿಚಯವಿದ್ದವರು, ಅದೇ ಊರಿನವರು, ಬಹುಪಾಲು ಗಂಡಸರು ಅಲ್ಲಿಗೆ ತಲುಪುತ್ತಿದ್ದರು. ರಾತ್ರಿ ಒಂಬತ್ತರ ತನಕ ಸಾಹಿತ್ಯ ಮಾತಾಡಿ ಮನೆಗೆ ಹೋಗುವುದು ಅಂದಿನ ಎಷ್ಟು ಹೆಣ್ಣುಮಕ್ಕಳಿಗೆ ಸಾಧ್ಯವಿತ್ತು? ತರಗತಿಗೆ ಅರ್ಜಿ ಹಾಕಬಹುದು. ಹಗಲು ಹೊತ್ತಿನಲ್ಲಿ, ವೇಳಾಪಟ್ಟಿಯ ಪ್ರಕಾರ, ಯಾರ ಹಂಗೂ ಇಲ್ಲದೆ ಹೋಗಿ ಕುಳಿತುಕೊಳ್ಳಬಹುದು. ಗೆಳೆಯರ ಗುಂಪಿಗಿಂತ ತರಗತಿ ಹೆಚ್ಚು ನ್ಯಾಯಯುತವಾಗಬಲ್ಲದು. ನಾನು ಅದರ ಪರ ನಿಲ್ಲುವುದು ಈ ಕಾರಣಕ್ಕಾಗಿಯೇ.

*

ಪದವಿ ಮುಗಿದ ಮೇಲಿನ ವರ್ಷ ಕಷ್ಟದ್ದು. ವಾರವಾರ ಕಾಯುತ್ತಿದ್ದ ಹನ್ನೆರಡು ಓದುಗರು ಒಮ್ಮೆಲೇ ಇಲ್ಲವಾಗುತ್ತಾರೆ. ಬಹಳ ಜನ ಆಗಲೇ ನಿಲ್ಲಿಸುತ್ತಾರೆ. ನಿಲ್ಲಿಸಿದ್ದನ್ನು ಸೋಲೆಂದು ಕರೆಯಬೇಕಾಗಿಲ್ಲ. ಅವರು ಒಳ್ಳೆಯ ಸಂಪಾದಕರಾಗುತ್ತಾರೆ, ಅನುವಾದಕರಾಗುತ್ತಾರೆ, ಹೈಸ್ಕೂಲಿನಲ್ಲಿ ಮಕ್ಕಳಿಗೆ ಕತೆ ಓದಿ ಹೇಳುವ ಮೇಷ್ಟರಾಗುತ್ತಾರೆ. ಒಂದು ಭಾಷೆಗೆ ಲೇಖಕರಷ್ಟೇ ಇವರೂ ಬೇಕು.

*

ಕನ್ನಡ ಎಂ.ಎ. ಪಾಠ ಹೇಳುವ ಗೆಳೆಯರಲ್ಲಿ ನನ್ನ ಕೋರಿಕೆ ಇದು. ವಾರಕ್ಕೆ ಒಂದು ಅವಧಿಯನ್ನು ವಿದ್ಯಾರ್ಥಿಗಳ ಸ್ವಂತ ಬರಹಕ್ಕೆ ಇಡಿ. ಹೊಸ ಕಟ್ಟಡ, ಹೊಸ ಹುದ್ದೆ, ಹೊಸ ಪಠ್ಯಕ್ರಮ ಬರುವ ತನಕ ಕಾಯಬೇಡಿ. ಒಂದು ಕತೆಯ ಜೆರಾಕ್ಸ್ ಪ್ರತಿಗಳು, ಒಂದು ಮೇಜು, ಮೊದಲೇ ಓದಿಕೊಂಡು ಬಂದ ಹತ್ತು ಜನ ಇದ್ದರೆ ಆಯಿತು. ಅಭಿಪ್ರಾಯ ಹೇಳುವ ಮೊದಲು ಬರೆದವರಿಗೆ ಮಾತಾಡಲು ಬಿಡಿ. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡವನ್ನು ತಿದ್ದುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ. ಪ್ರೌಢಪ್ರಬಂಧದ ಬದಲು ಕಥಾಸಂಕಲನ ಒಪ್ಪಿಸಲು ಬಯಸುವ ವಿದ್ಯಾರ್ಥಿಯ ಪರವಾಗಿ ಅಧ್ಯಯನ ಮಂಡಳಿಯ ಮುಂದಿನ ಸಭೆಯಲ್ಲಿ ಮಾತಾಡಿ. ಅಯೋವಾದಲ್ಲಿ ಅದಕ್ಕೆ ನೂರು ವರ್ಷ ಕಳೆದಿದೆ.